ರೋಗ ಗಿರಣಿಗೆ, ಪಥ್ಯ ಕಾರ್ಮಿಕನಿಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹಾಸ್ಯಕ್ಕಾಗಿ ಬಳಸುವುದುಂಟು. ಕೊಯಮುತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಗಿರಣಿಗಳ ಚರಿತ್ರೆಯನ್ನು ಬಲ್ಲವರಿಗೆ ಅದು ಹಾಸ್ಯವಾಗಿ ಉಳಿಯದು. ಹತ್ತಿಯನ್ನು ಯಾವಾಗ ಕೊಳ್ಳಬೇಕು, ಯಂತ್ರವನ್ನು ಯಾವಾಗ ಬದಲಾಯಿಸಬೇಕು, ಬಂದ ಲಾಭವನ್ನು ಎಲ್ಲಿ ತೊಡಗಿಸಬೇಕು ಎಂಬ ತೀರ್ಮಾನಗಳಲ್ಲಿ ಒಂದರಲ್ಲಿಯೂ ಬಾಯಿ ಹಾಕುವ ಅಧಿಕಾರ ಕಾರ್ಮಿಕನಿಗೆ ಇಲ್ಲ. ಆದರೆ ಆ ತೀರ್ಮಾನಗಳು ಕೆಟ್ಟಾಗ ಮೊದಲು ಬರಿದಾಗುವುದು ಅವನ ಮನೆಯ ಅಕ್ಕಿಯ ಡಬ್ಬ.

ಕೊಯಮುತ್ತೂರು ಸೀಮೆ ನಮಗೆ ಪರಸ್ಥಳವೇನಲ್ಲ. ಮೈಸೂರು ಅರಸರ ಕಾಲದಲ್ಲಿಯೂ, ಅನಂತರ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿಯೂ ಇದು ಶ್ರೀರಂಗಪಟ್ಟಣದ ಆಳ್ವಿಕೆಗೆ ಒಳಪಟ್ಟಿದ್ದು, ೧೭೯೯ ರಲ್ಲಿ ಕಂಪನಿಯ ವಶವಾಯಿತು. ಕೊಳ್ಳೇಗಾಲ ತಾಲ್ಲೂಕು ೧೯೫೬ ರ ನವೆಂಬರ್ ೧ ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಕೊಯಮುತ್ತೂರು ಜಿಲ್ಲೆಯದೇ ಆಗಿತ್ತು. ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗರ, ಒಕ್ಕಲಿಗರ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ನೆಲೆಸಿವೆ. ಮಗ್ಗ ಹೊಟ್ಟೆ ತುಂಬಿಸದಾದಾಗ, ಮಳೆ ಕೈಕೊಟ್ಟಾಗ, ಇತರ ಜಾತಿ ಜನರಂತೆ ನಮ್ಮವರೂ ಗಿರಣಿಯ ಬಾಗಿಲಿಗೆ ಹೋಗಿ ನಿಂತವರು. ಗಿರಣಿಯ ಸೈರನ್ನನ್ನು ತಮಿಳಿನಲ್ಲಿ 'ಸಂಗು' ಎನ್ನುತ್ತಾರೆ. ಆ ಶಂಖನಾದಕ್ಕೆ ಎದ್ದು ಒಲೆ ಹಚ್ಚಿದ ಅಜ್ಜಿಯರು ನಮ್ಮಲ್ಲಿ ಎಷ್ಟೋ ಮಂದಿ.

ರಾಬರ್ಟ್ ಸ್ಟೇನ್ಸ್ ಎಂಬ ಆಂಗ್ಲ ಉದ್ಯಮಿ ೧೮೮೮ ರಲ್ಲಿ ಕೊಯಮುತ್ತೂರು ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಲನ್ನು ಸ್ಥಾಪಿಸಿದನು. ಜನ ಅದನ್ನು ಇಂದಿಗೂ ಸ್ಟೇನ್ಸ್ ಮಿಲ್ಲೆಂದೇ ಗುರುತಿಸುತ್ತಾರೆ. ನೀಲಗಿರಿಯ ಪೈಕಾರದಿಂದ ೧೯೩೦ ರ ದಶಕದ ಮೊದಲಲ್ಲಿ ಅಗ್ಗದ ವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಅಣಬೆಗಳಂತೆ ಎದ್ದವು. ಸುತ್ತಲ ಕರಿನೆಲದಲ್ಲಿ ಹತ್ತಿ, ಪಾಲ್ಘಾಟಿನ ಕಣಿವೆಯಿಂದ ಬೀಸುವ ತಂಪುಗಾಳಿ, ಬೆಟ್ಟದ ವಿದ್ಯುತ್ತು, ಕೆಲಸಕ್ಕಾಗಿ ಕಾದಿದ್ದ ಜನ, ಇಷ್ಟೂ ಒಂದೆಡೆ ಸೇರಿದ್ದವು. ಇಂತಹ ಅನುಕೂಲವಿದ್ದ ಊರಿನಲ್ಲಿಯೂ ಗಿರಣಿಗಳು ಕೆಟ್ಟುಹೋದವೆಂದರೆ ಅದಕ್ಕೆ ನೆಲವನ್ನಾಗಲಿ ನೀರನ್ನಾಗಲಿ ದೂರಿ ಫಲವಿಲ್ಲ.

ಆಡಳಿತದ ಕ್ರಮವನ್ನೇ ನೋಡೋಣ. ನಮ್ಮ ದೇಶದ ಗಿರಣಿಗಳು ಬಹುಕಾಲ ಮ್ಯಾನೇಜಿಂಗ್ ಏಜೆನ್ಸಿ ಎಂಬ ಪದ್ಧತಿಯಂತೆ ನಡೆದವು. ಷೇರು ಹಣ ಹಲವರದು. ಆಳುವುದು ಒಂದು ಏಜೆಂಟ್ ಸಂಸ್ಥೆ, ಅದು ಸಾಮಾನ್ಯವಾಗಿ ಒಂದೇ ಮನೆತನದ್ದು. ಮುಂಬಯಿಯ ಹಳೆಯ ಗಿರಣಿಗಳಲ್ಲಿ ಈ ಏಜೆಂಟರಿಗೆ ನೂಲಿನ ಪ್ರತಿ ಪೌಂಡಿಗೆ ಕಾಲಾಣೆಯಂತೆ ದಲ್ಲಾಳಿ ಸಲ್ಲುತ್ತಿತ್ತು. ಲಾಭವಾಯಿತೇ ನಷ್ಟವಾಯಿತೇ ಎಂದು ಕೇಳುವಂತಿರಲಿಲ್ಲ! ನೂಲು ಮಾರಾಟವಾಗದೆ ಗೋದಾಮಿನಲ್ಲಿ ಕೊಳೆತರೂ ಏಜೆಂಟರ ಪಾಲು ಅವರ ಕೈ ಸೇರುತ್ತಿತ್ತು. ೧೯೫೬ ರ ಕಂಪನಿ ಶಾಸನ ಇದಕ್ಕೆ ಮೂಗುದಾರ ಹಾಕಿತು. ೧೯೭೦ ರ ಏಪ್ರಿಲಿನಲ್ಲಿ ಪದ್ಧತಿಯೇ ರದ್ದಾಯಿತು. ಆದರೆ ಗಿರಣಿ ಸೊರಗಿದರೂ ಯಜಮಾನ ಸೊರಗದಿರುವ ಉಪಾಯಗಳು ಅದರೊಂದಿಗೆ ರದ್ದಾಗಲಿಲ್ಲ. ಹತ್ತಿ ಮಾರುವ ಅಂಗಡಿ ಭಾವಮೈದುನನದು, ನೂಲು ಕೊಳ್ಳುವ ಏಜೆನ್ಸಿ ಅಳಿಯನದು ಎಂದಾದರೆ, ನಡುವೆ ಇರುವ ಗಿರಣಿಗೆ ಉಳಿಯುವುದೇನೆಂದು ವಾಚಕರೇ ಊಹಿಸಬಹುದು.

ಕೆಳಗಡೆ ಮೇಸ್ತ್ರಿಯ ರಾಜ್ಯ. ಕೆಲಸಕ್ಕೆ ಸೇರಿಸುವವನು, ರಜೆ ಕೊಡುವವನು, ದಂಡ ಹಾಕುವವನು, ಬದಲಿ ಕಾರ್ಮಿಕರಲ್ಲಿ ಇಂದು ಯಾರು ಒಳಗೆ ಬರಬೇಕೆಂದು ಬೆರಳು ತೋರಿಸುವವನು ಅವನೇ. ೧೯೩೧ ರಲ್ಲಿ ವರದಿ ಸಲ್ಲಿಸಿದ ರಾಯಲ್ ಕಾರ್ಮಿಕ ಆಯೋಗವು ಈ ಮೇಸ್ತ್ರಿಗಳ ಲಂಚಗುಳಿತನವನ್ನು ವಿವರವಾಗಿ ಪ್ರಸ್ತಾಪಿಸಿ, ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಅವರಿಂದ ಕಿತ್ತುಕೊಳ್ಳಬೇಕೆಂದು ಸೂಚಿಸಿತ್ತು. ಹಬ್ಬಕ್ಕೆ ಕೋಳಿ, ಮದುವೆಗೆ ಮುಯ್ಯಿ, ಸಂಬಳದ ದಿನ ಕೈಬಿಸಿ, ಇವು ಗಿರಣಿಯ ಲೆಕ್ಕಪುಸ್ತಕದಲ್ಲಿ ಎಂದೂ ಕಾಣದ ಖರ್ಚುಗಳು. ಹೆಂಗಸರು ತೆರಬೇಕಾಗಿದ್ದ ಬೆಲೆ ಇನ್ನೂ ಹೇಯವಾದದ್ದು. ದೂರು ಹೇಳಿಕೊಳ್ಳಲು ಬಾಗಿಲಿಲ್ಲದ ಕಡೆ ಸಿಟ್ಟು ಬೇರೆ ದಾರಿ ಹಿಡಿಯುತ್ತದೆ. ಚಿನ್ನಿಯಂಪಾಳಯದ ಹೆಸರನ್ನು ಈ ಭಾಗದವರು ಮರೆತಿಲ್ಲ. ರಂಗವಿಲಾಸ ಗಿರಣಿಯ ನಾಲ್ವರು ಕಾರ್ಮಿಕರನ್ನು ಒಂದು ಕೊಲೆಯ ಆಪಾದನೆಯ ಮೇಲೆ ೧೯೪೬ ರ ಜನವರಿ ೮ ರಂದು ಕೊಯಮುತ್ತೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಸತ್ತವನು ಗಿರಣಿಯ ಪರವಾಗಿ ಕಾರ್ಮಿಕರನ್ನೂ ಹೆಂಗಸರನ್ನೂ ಪೀಡಿಸುತ್ತಿದ್ದ ಪುಂಡನೆಂಬುದು ಕಾರ್ಮಿಕ ಸಂಘದವರ ವಾದ. ಕೊಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ದುಡಿಯುವ ಸ್ಥಳದಲ್ಲಿ ನ್ಯಾಯ ಕೇಳಲು ಒಂದು ಕೊಠಡಿ, ಕೇಳುವ ಒಬ್ಬ ಅಧಿಕಾರಿ ಇದ್ದಿದ್ದರೆ ಐದು ಮನೆಗಳ ದೀಪ ಆರುತ್ತಿರಲಿಲ್ಲವೇನೋ.

ಇನ್ನು ರೋಗದ ಲಕ್ಷಣಗಳು. ಇವನ್ನು ಬಲ್ಲವರು ಲೆಕ್ಕಪರಿಶೋಧಕರಲ್ಲ, ರಿಂಗ್ ಫ್ರೇಮಿನ ಮುಂದೆ ನಿಲ್ಲುವವರು. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ಯಾರನ್ನಾದರೂ ಕೇಳಿ ನೋಡಿ, ಗಿರಣಿ ಮುಳುಗುವುದನ್ನು ತಾನು ಎಷ್ಟು ಮುಂಚೆ ಕಂಡೆನೆಂದು ಹೇಳುತ್ತಾರೆ.

ಮೊದಲನೆಯದು ಹತ್ತಿ. ಕೈಯಲ್ಲಿ ಬಂಡವಾಳವಿರುವ ಗಿರಣಿ ಸುಗ್ಗಿಯ ತಿಂಗಳುಗಳಲ್ಲಿ ಒಂದೇ ತೆರನಾದ ಹತ್ತಿಯನ್ನು ಕೊಂಡು ತುಂಬಿಡುತ್ತದೆ. ಬಂಡವಾಳ ಬೇರೆ ಕಡೆಗೆ ಹರಿದುಹೋದ ಗಿರಣಿ ವಾರಕ್ಕೊಮ್ಮೆ, ಸಾಲ ಸಿಕ್ಕಷ್ಟು, ಸಿಕ್ಕಿದ ಕಡೆಯಿಂದ ತರುತ್ತದೆ. ಸೋಮವಾರದ ಬೇಲಿಗೂ ಗುರುವಾರದ ಬೇಲಿಗೂ ಎಳೆಯ ಉದ್ದ ಬೇರೆ, ಕಸದ ಪ್ರಮಾಣ ಬೇರೆ. ಆಗ ಬೆರಕೆ ಕೆಡುತ್ತದೆ. ಬೆರಕೆ ಕೆಟ್ಟರೆ ಕದಿರಿನ ಮೇಲೆ ಎಳೆ ಹರಿಯುತ್ತದೆ. ಒಂದೊಂದು ಫ್ರೇಮಿನಲ್ಲಿ ನಾಲ್ಕುನೂರಕ್ಕೂ ಮಿಕ್ಕ ಕದಿರುಗಳು. ಹರಿದ ಎಳೆಯನ್ನು ಹುಡುಕಿ, ಬೆರಳಿನಿಂದ ಹೊಸೆದು, ಮತ್ತೆ ಸೇರಿಸುತ್ತ ನಡೆಯುವುದೇ ಸೈಡ್ ನೋಡುವವರ ಕೆಲಸ. ಹರಿಯುವುದು ಇಮ್ಮಡಿಯಾದರೆ ನಡೆಯುವುದೂ ಇಮ್ಮಡಿ. ಸೇರಿಸುವಷ್ಟರಲ್ಲಿ ಮತ್ತೆ ಹತ್ತು ಕಡೆ ಹರಿದು ಹತ್ತಿ ವ್ಯರ್ಥವಾಗಿ ಕೆಳಗೆ ಸೇರುತ್ತದೆ. ತಿಂಗಳ ಕೊನೆಗೆ ವ್ಯರ್ಥದ ಲೆಕ್ಕ ನೋಡಿದ ಮೇಲ್ವಿಚಾರಕ 'ನೀನು ಗಮನವಿಟ್ಟು ಕೆಲಸ ಮಾಡುತ್ತಿಲ್ಲ' ಎಂದು ಎಚ್ಚರಿಕೆಯ ಪತ್ರ ಕೊಡುತ್ತಾನೆ. ಹತ್ತಿ ಕೊಂಡವನಿಗೆ ಪತ್ರ ಹೋಗುವುದಿಲ್ಲ.

ಎರಡನೆಯದು ಉಗ್ರಾಣ. ಟ್ರಾವೆಲರ್ ಎಂಬುದೊಂದು ಉಗುರಿನಷ್ಟೂ ಇಲ್ಲದ ಲೋಹದ ತುಣುಕು. ಉಂಗುರದ ಮೇಲೆ ಓಡುತ್ತ ನೂಲಿಗೆ ಹುರಿ ಕೊಡುವುದು ಅದೇ. ಬೇಗ ಸವೆಯುವ ಪದಾರ್ಥವಾದ್ದರಿಂದ ಗೊತ್ತುಪಡಿಸಿದ ದಿನಕ್ಕೆ ಬದಲಾಯಿಸಲೇಬೇಕು. ಉಗ್ರಾಣದಲ್ಲಿ ಅದು ಮುಗಿದು 'ಇನ್ನೊಂದು ವಾರ ತಳ್ಳಿ' ಎಂಬ ಮಾತು ಕೇಳಿಬಂದಿತೆಂದರೆ ಗಿರಣಿಯ ನಾಡಿ ಸಿಕ್ಕಿತೆಂದೇ ತಿಳಿಯಬೇಕು. ಅನಂತರ ಪಟ್ಟಿಗಳು, ರೋಲರಿನ ರಬ್ಬರು, ಕೊನೆಗೆ ಒಂದು ಫ್ರೇಮಿನ ಭಾಗವನ್ನು ಕಳಚಿ ಇನ್ನೊಂದಕ್ಕೆ ಹಾಕುವ ಕಾಯಕ. ತೇವಾಂಶ ಕಾಯುವ ನೀರಿನ ಸಿಂಪಣಿ ಕೆಟ್ಟರೆ ರಿಪೇರಿಯಿಲ್ಲ. ಒಣಗಾಳಿಯಲ್ಲಿ ಎಳೆ ಇನ್ನಷ್ಟು ಹರಿಯುತ್ತದೆ, ನವುರಾದ ಹತ್ತಿಧೂಳು ಎದೆಗೆ ಇಳಿಯುತ್ತದೆ. ತಮಿಳುನಾಡಿನಲ್ಲಿ ೨೦೦೮ ರಿಂದ ಕೆಲವು ವರ್ಷ ವಿದ್ಯುತ್ತಿನ ಕೊರತೆ ತೀವ್ರವಾಗಿದ್ದಾಗ, ಕರೆಂಟು ಹೋಗಿ ಬಂದಾಗಲೆಲ್ಲ ಸಾಲುಸಾಲು ಎಳೆಗಳು ಹರಿದು ನಿಲ್ಲುತ್ತಿದ್ದುದನ್ನು ಕಂಡವರು ಬಹಳ ಮಂದಿ.

ಒಳ್ಳೆಯ ಆಡಳಿತ ಹೇಗಿರಬೇಕೆಂಬ ಜ್ಞಾನ ಇಲ್ಲದೆ ಹೀಗಾಯಿತೆನ್ನುವಂತಿಲ್ಲ. ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಅಂದರೆ ಎಲ್ಲರೂ 'ಸಿಟ್ರಾ' ಎನ್ನುವ ಸಂಸ್ಥೆ, ೧೯೫೬ ರಲ್ಲಿ ಕೊಯಮುತ್ತೂರಿನಲ್ಲಿಯೇ ಹುಟ್ಟಿತು. ಒಬ್ಬರು ಎಷ್ಟು ಕದಿರು ನೋಡಬಹುದು, ವ್ಯರ್ಥ ಎಷ್ಟಕ್ಕೆ ಮೀರಬಾರದು ಎಂದು ಅಳೆದು ಹೇಳುವವರು ಕೂಗಳತೆಯಲ್ಲಿದ್ದರು. ಅವರ ಮಾತು ಕೇಳಿ ಉದ್ಧಾರವಾದ ಗಿರಣಿಗಳೂ ಈ ಊರಿನಲ್ಲಿ ಉಂಟು. ನ್ಯಾಯಕ್ಕಾಗಿ ಅದನ್ನೂ ಹೇಳಬೇಕು.

ಸರಕಾರದ ಕಣ್ಣಿಗೆ ಮಾತ್ರ ರೋಗ ಬಹಳ ತಡವಾಗಿ ಕಾಣುತ್ತದೆ. ೧೯೮೫ ರ ರೋಗಗ್ರಸ್ತ ಕೈಗಾರಿಕೆಗಳ ಶಾಸನವು, ಕೂಡಿಬಂದ ನಷ್ಟವು ಕಂಪನಿಯ ಸ್ವಂತ ಬಂಡವಾಳವನ್ನೂ ಮೀಸಲು ನಿಧಿಯನ್ನೂ ಪೂರ್ತಿಯಾಗಿ ನುಂಗಿದ ಮೇಲೆಯೇ ಅದನ್ನು ರೋಗಿ ಎಂದು ಕರೆಯಿತು. ಅಂದರೆ ಉಸಿರು ನಿಲ್ಲುವ ಹೊತ್ತಿಗೆ ವೈದ್ಯರಿಗೆ ಹೇಳಿಕಳುಹಿಸಿದಂತೆ! ಆ ಶಾಸನವೂ ೨೦೧೬ ರಲ್ಲಿ ಕೊನೆಗೊಂಡಿತು.

ಕೆಟ್ಟ ಆಡಳಿತ ಎಂಬ ಮಾತನ್ನೇ ಕಾನೂನು ನೇರವಾಗಿ ಆಡಿದ ಪ್ರಸಂಗವೊಂದು ನಮ್ಮ ಕರ್ನಾಟಕದ್ದೇ ಇದೆ. ಬೆಂಗಳೂರಿನ ಮಿನರ್ವ ಗಿರಣಿಯ ವ್ಯವಹಾರಗಳನ್ನು ತನಿಖೆ ಮಾಡಲು ಕೇಂದ್ರ ಸರಕಾರವು ೧೯೭೦ ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಗಿರಣಿಯನ್ನು ಸಾರ್ವಜನಿಕ ಹಿತಕ್ಕೆ ಅತ್ಯಂತ ಮಾರಕವಾಗುವ ರೀತಿಯಲ್ಲಿ ನಡೆಸಲಾಗುತ್ತಿದೆ ಎಂಬ ಕಾರಣದ ಮೇಲೆ ೧೯೭೧ ರ ಅಕ್ಟೋಬರಿನಲ್ಲಿ ಅದರ ಆಡಳಿತವನ್ನು ವಹಿಸಿಕೊಂಡಿತು. ೧೯೭೪ ರಲ್ಲಿ ಗಿರಣಿ ರಾಷ್ಟ್ರೀಕೃತವಾಯಿತು. ಮಾಲಿಕರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೧೯೮೦ ರ ತೀರ್ಪು ಸಂವಿಧಾನದ ತಿದ್ದುಪಡಿಗಳಿಗೆ ಮಿತಿ ಹಾಕಿ ಜಗತ್ಪ್ರಸಿದ್ಧವಾಯಿತು. ಕಾನೂನು ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಮಿನರ್ವ ಎಂಬ ಹೆಸರನ್ನು ಉರು ಹಾಕುತ್ತಾನೆ. ಅದು ಮಾಗಡಿ ರಸ್ತೆಯ ಕಡೆ ನೂಲು ತೆಗೆಯುತ್ತಿದ್ದ ಒಂದು ಗಿರಣಿ, ಅಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು ಎಂಬುದು ಎಷ್ಟು ಮಂದಿಗೆ ಹೊಳೆಯುತ್ತದೆಯೋ!

ಮಿನರ್ವದಂತೆ ದೇಶದ ೧೦೩ ಗಿರಣಿಗಳು ೧೯೭೪ ರ ಶಾಸನದಿಂದ ಸರಕಾರದ ಸೊತ್ತಾದವು. ಅವನ್ನು ನೋಡಿಕೊಳ್ಳಲು ೧೯೬೮ ರಲ್ಲಿಯೇ ರಾಷ್ಟ್ರೀಯ ಜವಳಿ ನಿಗಮ ರೂಪುಗೊಂಡಿತ್ತು. ಕೊಯಮುತ್ತೂರಿನ ಸ್ಟೇನ್ಸ್ ಗಿರಣಿ, ಪಂಕಜ, ಕಾಂಬೋಡಿಯ, ಮುರುಗನ್, ನಾಲ್ವರ ಗಲ್ಲನ್ನು ಕಂಡ ಅದೇ ರಂಗವಿಲಾಸ, ಇವೆಲ್ಲ ನಿಗಮದ ಗಿರಣಿಗಳಾದವು. ಮನೆಮನೆಗಳಲ್ಲಿ ಸಂತೋಷ ಪಟ್ಟವರು ಬಹಳ. ಸರಕಾರಿ ಗಿರಣಿಯ ಕೆಲಸವೆಂದರೆ ಹೆಣ್ಣು ಕೊಡುವವರು ಎರಡು ಮಾತಾಡದ ಕಾಲವದು. ಸಂಬಳ ತಾರೀಖಿಗೆ ಬರುತ್ತಿತ್ತು, ಮೇಸ್ತ್ರಿಯ ಆರ್ಭಟ ತಗ್ಗಿತು, ದೀಪಾವಳಿಯ ಬೋನಸ್ಸು ಕೈ ಸೇರುತ್ತಿತ್ತು.

ಆದರೆ ಯಜಮಾನ ಬದಲಾದ ಮಾತ್ರಕ್ಕೆ ಯಜಮಾನಿಕೆ ಸುಧಾರಿಸಲಿಲ್ಲ. ಹಳೆಯ ಮಾಲಿಕನು ಲಾಭವನ್ನು ಹೊರಗೆ ಸಾಗಿಸಿದ್ದನು. ಹೊಸ ಮಾಲಿಕನು ತೀರ್ಮಾನವನ್ನೇ ದೂರಕ್ಕೆ ಸಾಗಿಸಿದನು. ಹತ್ತಿಯ ಪೇಟೆಯ ದರ ಬೆಳಿಗ್ಗೆಯಿಂದ ಸಂಜೆಗೆ ಬದಲಾಗುತ್ತದೆ. ಅನುಮತಿಯ ಕಾಗದ ಮಾತ್ರ ಮೇಜಿನಿಂದ ಮೇಜಿಗೆ ನಡೆದು ಬರಬೇಕು. ತಮಿಳುನಾಡಿನ ಗಿರಣಿಗಳಿಗೆಂದು ಕೊಯಮುತ್ತೂರಿನಲ್ಲಿದ್ದ ಪ್ರತ್ಯೇಕ ಅಂಗಸಂಸ್ಥೆಯೂ ೨೦೦೬ ರ ಸುಮಾರಿಗೆ ದೆಹಲಿಯ ಮೂಲ ನಿಗಮದಲ್ಲಿ ಲೀನವಾಯಿತು. ಅಷ್ಟರಲ್ಲಿ ನಿಗಮವೇ ರೋಗಿಗಳ ಪಟ್ಟಿ ಸೇರಿ, ಬಹುಪಾಲು ಗಿರಣಿಗಳು ಮುಚ್ಚಿ, ಸ್ವಯಂ ನಿವೃತ್ತಿಯ ಹಣ ಪಡೆದು ಜನ ಮನೆಗೆ ಹೋಗಿದ್ದರು. ಉಳಿಸಿಕೊಂಡದ್ದು ೨೩ ಗಿರಣಿಗಳನ್ನು. ಅವುಗಳಲ್ಲಿ ಐದು ಕೊಯಮುತ್ತೂರಿನವು. ಅವುಗಳಿಗೆ ಹೊಸ ಯಂತ್ರಗಳೂ ಬಂದವು. ೨೦೨೦ ರ ಮಾರ್ಚಿನಲ್ಲಿ ಮಹಾಮಾರಿಯ ದಿಗ್ಬಂಧನಕ್ಕೆ ಎಲ್ಲ ಗಿರಣಿಗಳೂ ನಿಂತವು. ಖಾಸಗಿ ಗಿರಣಿಗಳು ಕೆಲವೇ ತಿಂಗಳಲ್ಲಿ ಮತ್ತೆ ತಿರುಗತೊಡಗಿದವು. ನಿಗಮದವು, ೨೦೨೧ ರಲ್ಲಿ ಕೆಲವು ಅಲ್ಪಕಾಲ ಉಸಿರಾಡಿದ್ದನ್ನು ಬಿಟ್ಟರೆ, ಚೇತರಿಸಿಕೊಳ್ಳಲಿಲ್ಲ. ಕೆಲಸದಿಂದ ತೆಗೆದರೆಂದೂ ಇಲ್ಲ, ಇಟ್ಟುಕೊಂಡರೆಂದೂ ಇಲ್ಲ. ಸಂಬಳದ ಒಂದು ಭಾಗ, ಅದೂ ಬಾಕಿ ಉಳಿಸಿಕೊಂಡು. ಗೇಟಿನ ಮುಂದೆ ಧರಣಿ ಕುಳಿತವರಲ್ಲಿ ಐವತ್ತು ದಾಟಿದವರೇ ಹೆಚ್ಚು. ಆ ವಯಸ್ಸಿನಲ್ಲಿ ಬೇರೆ ಗಿರಣಿ ಸೇರಿಸಿಕೊಳ್ಳದು, ಇರುವ ಗಿರಣಿ ಬಿಡುಗಡೆ ಮಾಡದು. ಕೆಟ್ಟ ಆಡಳಿತದ ಕ್ರೌರ್ಯಗಳಲ್ಲಿ ಈ ತ್ರಿಶಂಕು ಸ್ಥಿತಿಯೇ ಅತಿ ಕಠಿನವೆಂದು ನನ್ನ ಅಭಿಪ್ರಾಯ. ಬಾಗಿಲು ಮುಚ್ಚಿತೆಂದು ತಿಳಿದರೆ ಮನುಷ್ಯ ಬೇರೆ ಬಾಗಿಲು ತಟ್ಟುತ್ತಾನೆ.

ಐವತ್ತು ಕಿಲೋಮೀಟರು ಪೂರ್ವಕ್ಕೆ ಹೋದರೆ ತಿರುಪ್ಪೂರು. ಕೊಯಮುತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ೨೦೦೯ ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಬನಿಯನ್ ಊರಿನ ರೋಗ ಬೇರೆ ಬಗೆಯದು. ಅಲ್ಲಿ ಆಡಳಿತ ಕೆಟ್ಟದ್ದೆನ್ನುವುದಕ್ಕಿಂತ ಆಡಳಿತ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ತುಟ್ಟಿಭತ್ಯೆಗಾಗಿ ೧೯೮೪ ರಲ್ಲಿ ಬನಿಯನ್ ಕಾರ್ಮಿಕರು ೧೨೭ ದಿನ ಮುಷ್ಕರ ಹೂಡಿದರು. ಅದರ ತರುವಾಯ ದೊಡ್ಡ ಘಟಕಗಳು ಒಡೆದು ಸಣ್ಣಸಣ್ಣವಾದವು. ಹೆಣೆಯುವುದು ಒಬ್ಬನಲ್ಲಿ, ಬಣ್ಣ ಹಾಕುವುದು ಇನ್ನೊಬ್ಬನಲ್ಲಿ, ಹೊಲಿಯುವುದು ಗುತ್ತಿಗೆದಾರನ ಕೆಳಗೆ ಎಂದಾಯಿತು. ಶನಿವಾರ ಸಂಜೆ ಬಟವಾಡೆ. ಬಟವಾಡೆ ತಪ್ಪಿದರೆ ಗುತ್ತಿಗೆದಾರನು ಕಂಪನಿಯ ಕಡೆಗೂ, ಕಂಪನಿಯವನು ಹಡಗಿನ ಕಡೆಗೂ, ಹಡಗಿನ ಸರಕು ಕೊಳ್ಳುವವನು ಸಮುದ್ರದಾಚೆಗೂ ಕೈ ತೋರುತ್ತಾರೆ. ಹೊಲಿದವಳ ಎದುರು ನಿಂತು ಉತ್ತರ ಹೇಳುವವರು ಯಾರೂ ಇಲ್ಲ.

ನೊಯ್ಯಲ್ ನದಿಯ ವೃತ್ತಾಂತವೂ ಇದೇ. ಬಣ್ಣದ ನೀರನ್ನು ಶುದ್ಧಿ ಮಾಡದೆ ಹೊಳೆಗೆ ಬಿಟ್ಟ ಫಲವಾಗಿ ಒರತ್ತುಪ್ಪಾಳಯದ ಅಣೆಕಟ್ಟಿನ ನೀರು ಹೊಲಕ್ಕೆ ಹಾಯಿಸಲು ಬಾರದಾಯಿತು. ರೈತರು ವರ್ಷಗಟ್ಟಲೆ ದಾವೆ ನಡೆಸಿದರು. ಆಜ್ಞೆಗಳು ಆಗುತ್ತಲೇ ಇದ್ದವು, ಗಡುವುಗಳು ಕಳೆಯುತ್ತಲೇ ಇದ್ದವು. ೨೦೧೧ ರ ಜನವರಿಯಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ರೈತರ ದೃಷ್ಟಿಯಿಂದ ತೀರ್ಪು ನ್ಯಾಯವಾದದ್ದೇ. ಆದರೆ ಮರುವಾರ ಗಂಟುಮೂಟೆ ಕಟ್ಟಿ ರೈಲು ಹತ್ತಿದವರು ನೀರು ಶುದ್ಧಿ ಮಾಡುವ ಯಂತ್ರಕ್ಕೆ ಹಣ ತೊಡಗಿಸದಿದ್ದವರಲ್ಲ, ಬಣ್ಣದ ತೊಟ್ಟಿಯಲ್ಲಿ ಕೈ ಅದ್ದಿದವರು.

ಹೆಣ್ಣುಮಕ್ಕಳಿರುವ ಮನೆಯವರು ಇನ್ನೊಂದು ಮಾತನ್ನು ಗಮನಿಸಬೇಕು. ಈ ಎರಡೂ ಜಿಲ್ಲೆಗಳ ಸುತ್ತಿನ ನೂಲಿನ ಗಿರಣಿಗಳಲ್ಲಿ 'ಸುಮಂಗಲಿ' ಎಂಬ ಮಂಗಳಕರವಾದ ಹೆಸರಿನಿಂದ ಒಂದು ಪದ್ಧತಿ ಹಬ್ಬಿತು. ಹುಡುಗಿ ಗಿರಣಿಯ ಹಾಸ್ಟೆಲಿನಲ್ಲಿಯೇ ಇದ್ದು ಮೂರು ವರ್ಷ ದುಡಿದರೆ ಮದುವೆಯ ಖರ್ಚಿಗೆಂದು ಕೊನೆಯಲ್ಲಿ ಒಂದು ಇಡಿಗಂಟು. ನಡುವೆ ಕಾಯಿಲೆ ಬಿದ್ದು ಊರಿಗೆ ಹೋದರೆ ಗಂಟು ಇಲ್ಲ. ಅವಳ ದಿನಗೂಲಿಯಿಂದಲೇ ಉಳಿಸಿಕೊಂಡ ಹಣವನ್ನು ಬಹುಮಾನವೆಂದು ಕರೆದದ್ದು ಎಂತಹ ಚಾತುರ್ಯ! ೨೦೧೧ ರ ಸುಮಾರಿಗೆ ವಿದೇಶದ ಸಂಸ್ಥೆಗಳ ವರದಿಗಳು ಹೊರಬಂದ ಮೇಲೆ ಹೆಸರು ಮರೆಯಾಯಿತು. ಹೊರಗೆ ಬಿಡದ ಹಾಸ್ಟೆಲುಗಳ ಬಗೆಗಿನ ದೂರುಗಳು ಅಷ್ಟು ಸುಲಭವಾಗಿ ಮರೆಯಾಗಲಿಲ್ಲ. ಮಗಳನ್ನು ಕಳುಹಿಸುವ ಮುನ್ನ, ಬಯಸಿದ ದಿನ ಅವಳೊಂದಿಗೆ ಮಾತಾಡಬಹುದೇ, ತಿಂಗಳ ಕೂಲಿ ಅವಳ ಹೆಸರಿನ ಬ್ಯಾಂಕು ಖಾತೆಗೇ ಬರುವುದೇ ಎಂಬ ಎರಡು ಪ್ರಶ್ನೆಗಳನ್ನು ದಲ್ಲಾಳಿಗೆ ಕೇಳಿದರೆ ಸಾಕು, ಅವನ ಮುಖವೇ ಉತ್ತರ ಹೇಳುತ್ತದೆ.

ಯಂತ್ರದ ಮುಂದೆ ನಿಂತವನಿಗೆ ರೋಗ ತಿಳಿಯುವಂತೆ ಮನೆಯಲ್ಲಿರುವವರಿಗೂ ತಿಳಿಯುವ ಉಪಾಯ ಉಂಟು. ಭವಿಷ್ಯ ನಿಧಿಗೆಂದು ಸಂಬಳದಲ್ಲಿ ಹಿಡಿದ ಹಣವನ್ನು ಕಟ್ಟದೆ ಬೇರೆ ಖರ್ಚಿಗೆ ಬಳಸುವುದು ಕೆಟ್ಟ ಆಡಳಿತದ ಮೊದಲ ಕಳ್ಳದಾರಿ. ಬ್ಯಾಂಕಿನ ಬಡ್ಡಿಗಿಂತ ಮೊದಲು ನಿಲ್ಲುವುದು ಅದೇ. ೧೯೫೨ ರಲ್ಲಿ ಭವಿಷ್ಯ ನಿಧಿ ಆರಂಭವಾದಾಗಿನಿಂದ ಇದು ಅಪರಾಧವೇ ಆಗಿದ್ದರೂ ದೂರು ಕೊಡುವವರು ಕಡಿಮೆ. ಹಿಂದೆ ವರ್ಷಕ್ಕೊಮ್ಮೆ ಬರುವ ಚೀಟಿಯನ್ನು ಕಾಯಬೇಕಿತ್ತು. ಈಗ ಕೈಯ ದೂರವಾಣಿಯಲ್ಲಿಯೇ ತಿಂಗಳು ತಿಂಗಳಿನ ಲೆಕ್ಕ ಕಾಣುತ್ತದೆ. ಓದುವ ಮಕ್ಕಳಿಗೆ ಹೇಳಿ ನೋಡಿಸಬೇಕು. ಎರಡು ತಿಂಗಳು ಸಾಲಾಗಿ ಹಣ ಬೀಳದಿದ್ದರೆ ಅಂಗಡಿಯ ಸಾಲ ಬೆಳೆಸುವುದನ್ನು ಆಗಲೇ ನಿಲ್ಲಿಸುವುದು ಲೇಸು. ಕೊಯಮುತ್ತೂರಿನ ಕಾರ್ಮಿಕರು ೧೯೫೫ ರಿಂದ ಇಎಸ್‌ಐ ಸೌಲಭ್ಯ ಪಡೆದವರು. ಸಿಂಗಾನಲ್ಲೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾದ ಎಷ್ಟೋ ತಾಯಂದಿರು ಈ ಪತ್ರಿಕೆಯನ್ನು ಓದುತ್ತಿರಬಹುದು. ಗಿರಣಿ ಅದರ ಕಂತನ್ನೂ ಕಟ್ಟದಿದ್ದರೆ ಆಸ್ಪತ್ರೆಯ ಕಿಟಕಿಯಲ್ಲಿ ತಕರಾರು ಏಳುವುದರಿಂದ ಅದನ್ನೂ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಬೋನಸ್ಸಿನ ವಿಷಯದಲ್ಲಿ 'ಈ ವರ್ಷ ನಷ್ಟ' ಎಂಬ ಉತ್ತರಕ್ಕೆ ತಲೆಯಾಡಿಸಬೇಕಾಗಿಲ್ಲ; ನಷ್ಟವಿದ್ದರೂ ನೂರಕ್ಕೆ ೮.೩೩ ರಷ್ಟು ಕನಿಷ್ಠ ಬೋನಸ್ಸು ಅರ್ಹರಾದ ಕಾರ್ಮಿಕರಿಗೆ ಸಲ್ಲತಕ್ಕದ್ದೆಂದು ಕಾನೂನು ಹೇಳುತ್ತದೆ.

ಗ್ರಾಚ್ಯುಯಿಟಿ ಎಂಬ ಸೇವಾ ಉಪದಾನ ವರ್ಷವೊಂದಕ್ಕೆ ಹದಿನೈದು ದಿನಗಳ ಸಂಬಳದ ಲೆಕ್ಕದಲ್ಲಿ ಬರುವುದು. ಕೆಲಸ ಬಿಟ್ಟ ಮೂವತ್ತು ದಿನಗಳೊಳಗೆ ಕೊಡದಿದ್ದರೆ ಬಡ್ಡಿ ಸೇರಿಸಿ ಕೊಡಬೇಕು. ಕೊಡದವರ ಮೇಲೆ ಕಾರ್ಮಿಕ ಇಲಾಖೆಯ ಅಧಿಕಾರಿಗಳಲ್ಲಿ ಅರ್ಜಿ ಹಾಕಬಹುದು. ಅಲ್ಲಿ ಮೊದಲು ಕೇಳುವುದು ಸೇವೆಗೆ ಸೇರಿದ ದಿನದ ಆಧಾರ. ಬಾಗಿಲು ಮುಚ್ಚಿದ ಗಿರಣಿಯ ಹಾಜರಿ ಪುಸ್ತಕವನ್ನು ಗೆದ್ದಲು ತಿಂದಿರುತ್ತದೆ, ಇಲ್ಲವೇ ತಿಂದಿದೆಯೆಂದು ಹೇಳಲಾಗುತ್ತದೆ. ಆದ್ದರಿಂದ ಹಳೆಯ ಟೋಕನ್ನು, ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಮೇಲ್ವಿಚಾರಕ ಕೊಟ್ಟ ಆ ಎಚ್ಚರಿಕೆಯ ಪತ್ರಗಳು ಸಹ, ಎಲ್ಲವನ್ನೂ ರೇಷನ್ ಕಾರ್ಡಿನ ಜತೆಯಲ್ಲಿಯೇ ಒಂದು ಚೀಲದಲ್ಲಿ ಕಟ್ಟಿ ಇಡತಕ್ಕದ್ದು.